ಸೂಳೆಕೆರೆಯಿಂದ ವಾಣಿವಿಲಾಸದವರೆಗೆ ವರ್ಷಗಟ್ಟಲೆ ಬಳಸಿದ ಗಾಳಗಳು: ಯಾವುದು ತಡೆದುಕೊಂಡಿತು, ಯಾವುದು ಬಾಗಿತು

ಇದು ಒಂದೇ ಕಂಪನಿಯ ಒಂದು ಪ್ಯಾಕೆಟ್ಟಿನ ವಿಮರ್ಶೆ ಅಲ್ಲ. ದಾವಣಗೆರೆ, ಚಿತ್ರದುರ್ಗದ ಕಡೆ ಅಂಗಡಿಯಲ್ಲಿ ಮತ್ತು ಆನ್‌ಲೈನಿನಲ್ಲಿ ಸುಲಭವಾಗಿ ಸಿಗುವ ಐದಾರು ಬಗೆಯ ಗಾಳಗಳನ್ನು ಸೂಳೆಕೆರೆ, ಕೊಂಡಜ್ಜಿ ಕೆರೆ, ಹರಿಹರದ ಹೊಳೆ, ಭದ್ರಾ ನಾಲೆ, ವಾಣಿವಿಲಾಸ ಸಾಗರದ ಹಿನ್ನೀರು, ಹೀಗೆ ಬೇರೆ ಬೇರೆ ನೀರಿನಲ್ಲಿ ವರ್ಷಗಟ್ಟಲೆ ಬಳಸಿದವರು ಬರೆದದ್ದು. ನಮ್ಮ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇವೆ: ನಂಬರ್ ನೋಡಿ ಗಾಳ ಕೊಳ್ಳಬೇಡಿ, ಬಾಯಿ ಮತ್ತು ತಂತಿ ನೋಡಿ ಕೊಳ್ಳಿ. ಬಾಯಿ ಅಂದರೆ ಮೊನೆಗೂ ಕಡ್ಡಿಗೂ (ಗಾಳದ ಉದ್ದನೆಯ ನೇರ ಭಾಗ) ನಡುವಿನ ಅಂತರ. ಎರೆ ಎಷ್ಟು ದಪ್ಪ ಇರಬಹುದು ಅನ್ನುವುದನ್ನು ಅದು ತೀರ್ಮಾನಿಸುತ್ತದೆ. ಮೀನು ದಡಕ್ಕೆ ಬರುತ್ತದೋ ಇಲ್ಲವೋ ಅನ್ನುವುದು ತಂತಿಯ ದಪ್ಪ ಮತ್ತು ಹದಕ್ಕೆ ಬಿಟ್ಟದ್ದು.

ನಂಬರಿನ ಗೊಂದಲ ಸಣ್ಣದಲ್ಲ. ಸಾಮಾನ್ಯ ಪದ್ಧತಿಯಲ್ಲಿ 12, 10, 8, 6 ಎಂದು ನಂಬರ್ ಇಳಿದಂತೆ ಗಾಳ ದೊಡ್ಡದಾಗುತ್ತದೆ. 1 ದಾಟಿದ ಮೇಲೆ 1/0, 2/0, 3/0 ಎಂದು ನಂಬರ್ ಏರಿದಂತೆ ದೊಡ್ಡದಾಗುತ್ತದೆ. ಜಪಾನಿನ ಚಿನು ಗಾಳಗಳದು ಬೇರೆಯೇ ಲೆಕ್ಕ: ಅಲ್ಲಿ 1 ಚಿಕ್ಕದು, 5 ದೊಡ್ಡದು. ಎರಡೂ ಪದ್ಧತಿಯ ಪ್ಯಾಕೆಟ್ಟುಗಳು ಒಂದೇ ಮೊಳೆಗೆ ನೇತಾಡುತ್ತಿರುತ್ತವೆ. ಅದೂ ಸಾಲದೆ ಎರಡು ಕಂಪನಿಗಳ 6ನೇ ನಂಬರ್ ಒಂದೇ ಅಳತೆಯಲ್ಲಿ ಇರಬೇಕೆಂಬ ನಿಯಮವೂ ಇಲ್ಲ. ಆದ್ದರಿಂದ ಅಂಗಡಿಗೆ ಒಂದು ಸಣ್ಣ ಸ್ಕೇಲ್ ತೆಗೆದುಕೊಂಡು ಹೋಗಿ. ಜಿಲೇಬಿ ಮೀನಿಗೆ (ತಿಲಾಪಿಯಾ) ಸುಮಾರು 5 ಮಿ.ಮೀ. ಬಾಯಿಯ ಗಾಳ ಸಾಕು, ಆ ಮೀನಿನ ಬಾಯಿ ಚಿಕ್ಕದು. ಒಂದರಿಂದ ಮೂರು ಕೆಜಿಯ ಗೆಂಡೆ, ರೋಹುವಿಗೆ 8ರಿಂದ 10 ಮಿ.ಮೀ. ದೊಡ್ಡ ಹಿಟ್ಟಿನ ಉಂಡೆ ಕಟ್ಟಿ ಕಾಟ್ಲಾಗೆ ಕೂರುವವರಿಗೆ 12 ಮಿ.ಮೀ. ಆಸುಪಾಸು ಬೇಕು.

ಇನ್ನು ತಂತಿ. ಒಳ್ಳೆಯ ಗಾಳವನ್ನು ಇಂಗಾಲದ ಅಂಶ ಹೆಚ್ಚಿರುವ ಉಕ್ಕಿನಿಂದ ಮಾಡುತ್ತಾರೆ. ಬಗ್ಗಿಸಿ, ಮೊನೆ ಮಾಡಿ, ಮೊನೆಯ ಹಿಂದೆ ಮೀನು ಜಾರದಂತೆ ಹಿಡಿಯುವ ಮುಳ್ಳು ಎಬ್ಬಿಸಿದ ಮೇಲೆ ಕಾಯಿಸಿ, ತಟ್ಟನೆ ತಣಿಸಿ, ಮತ್ತೆ ಹದವಾಗಿ ಬಿಸಿ ಮಾಡುತ್ತಾರೆ. ಈ ಕೊನೆಯ ಹಂತದಲ್ಲೇ ಗಾಳದ ಹಣೆಬರಹ ಇರುವುದು. ಹದ ಸಾಲದೆ ಹೋದರೆ ಗಾಜಿನಂತೆ ಮುರಿಯುತ್ತದೆ, ಹದ ಹೆಚ್ಚಾದರೆ ಮೆತ್ತಗಾಗಿ ಬಾಗು ಬಿಚ್ಚಿಕೊಳ್ಳುತ್ತದೆ. ನಿಕಲ್ ಲೇಪನ ಮಾಡುವಾಗ ಉಕ್ಕಿನೊಳಗೆ ಹೈಡ್ರೋಜನ್ ಸೇರಿದರೂ ಗಾಳ ಪೆಡಸಾಗುತ್ತದೆ. ಹೊಳೆಯುವ ಅಗ್ಗದ ಗಾಳ ಮೊದಲ ದೊಡ್ಡ ಮೀನಿಗೇ ಟಕ್ ಎನ್ನುವುದಕ್ಕೆ ಇದೂ ಒಂದು ಕಾರಣ.

ಹದ ಪರೀಕ್ಷೆ ಮಾಡುವುದು ಕಷ್ಟದ ಕೆಲಸವಲ್ಲ. ಹೊಸ ಪ್ಯಾಕೆಟ್ಟಿನಿಂದ ಒಂದು ಗಾಳ ತೆಗೆದು, ಮುಳ್ಳು ಮುಳುಗುವಷ್ಟು ಮಾತ್ರ ಮೊನೆಯನ್ನು ಮೆತ್ತನೆ ಮರಕ್ಕೆ ಚುಚ್ಚಿ. ಗಾಳದ ಕಣ್ಣಿಗೆ (ದಾರ ಕಟ್ಟುವ ತೂತು) ದಾರ ಕಟ್ಟಿ, ದಾರದ ತುದಿಯನ್ನು ಸ್ಪ್ರಿಂಗ್ ತಕ್ಕಡಿಗೆ ಸಿಕ್ಕಿಸಿ ನಿಧಾನವಾಗಿ ಮೂರು ಕೆಜಿವರೆಗೆ ಎಳೆಯಿರಿ. ಬಾಗನ್ನು ಮೊಳೆಗೆ ಸಿಕ್ಕಿಸಿ ಎಳೆದರೆ ಪರೀಕ್ಷೆ ಆಗುವುದಿಲ್ಲ. ಭಾರ ಬಾಗಿನ ತಳದಲ್ಲಿ ಕೂತಾಗ ಎಂಥ ಗಾಳವೂ ತಡೆಯುತ್ತದೆ. ಮೀನಿನ ಮೂಳೆಗೆ ಮೊನೆ ಮಾತ್ರ ಸಿಕ್ಕಿಕೊಂಡಾಗ ಬಾಗನ್ನು ಬಿಚ್ಚುವ ಬಲ ಹೆಚ್ಚು, ಗಾಳ ಸೋಲುವುದು ಆಗಲೇ. ಒಳ್ಳೆಯ ಗಾಳ ಸ್ವಲ್ಪ ಅಗಲವಾಗಿ, ಬಿಟ್ಟ ಕೂಡಲೇ ಮೊದಲಿನ ಆಕಾರಕ್ಕೆ ಬರುತ್ತದೆ. ಅಗಲವಾಗಿಯೇ ಉಳಿದರೆ ಆ ಪ್ಯಾಕೆಟ್ಟು ಜಿಲೇಬಿಗಷ್ಟೇ. ಮುರಿದರೆ ಯಾವುದಕ್ಕೂ ಬೇಡ. ತುಂಡು ಸಿಡಿಯುತ್ತದೆ, ಕನ್ನಡಕ ಹಾಕಿಕೊಂಡೇ ಮಾಡಿ. ಒಮ್ಮೆ ಬಿಚ್ಚಿಕೊಂಡ ಗಾಳವನ್ನು ಇಕ್ಕಳದಲ್ಲಿ ಬಗ್ಗಿಸಿ ಮತ್ತೆ ಬಳಸಬಾರದು, ಬಗ್ಗಿಸಿದ ಜಾಗದಲ್ಲೇ ಅದು ಮುರಿಯುತ್ತದೆ.

ಡಬ್ಬದಲ್ಲಿ ಬಿಡಿಯಾಗಿ ಸಿಗುವ, ಹೆಸರಿಲ್ಲದ ಗಾಳಗಳ ತೊಂದರೆ ಇಲ್ಲೇ ಶುರು. ಒಂದೇ ಡಬ್ಬದಲ್ಲಿ ಒಂದು ಗಟ್ಟಿ, ಒಂದು ಮೆತ್ತಗೆ. ಇನ್ನೊಂದು ದೋಷ ಕಣ್ಣಿನದು. ತಂತಿಯನ್ನು ಸುತ್ತಿ ಕಣ್ಣು ಮಾಡಿರುತ್ತಾರೆ, ಸುತ್ತು ಪೂರ್ತಿ ಕೂಡಿರುವುದಿಲ್ಲ. ಆ ಸಂದಿಯ ಅಂಚಿಗೆ ನೈಲಾನ್ ದಾರ ತಾಗಿ ತಾಗಿ ಸವೆದು ಗಂಟಿನಲ್ಲೇ ಕತ್ತರಿಸುತ್ತದೆ. ಎಷ್ಟೋ ಸಲ ಜನ ದಾರವನ್ನು ಬೈಯುತ್ತಾರೆ, ತಪ್ಪು ಕಣ್ಣಿನದಾಗಿರುತ್ತದೆ. ಹೊಲಿಗೆ ದಾರವೊಂದನ್ನು ಕಣ್ಣಿನ ಸುತ್ತ ಎಳೆದು ನೋಡಿ. ಎಳೆ ಎದ್ದರೆ ಅಥವಾ ಸಿಕ್ಕಿದರೆ ಅಂಥ ಗಾಳವನ್ನು ಬಿಡಿ. ಬಿಡಲು ಮನಸ್ಸಿಲ್ಲದಿದ್ದರೆ ಕಣ್ಣಿಗೆ ಗಂಟು ಹಾಕದೆ ಕಡ್ಡಿಗೆ ದಾರ ಸುತ್ತಿ ಕಟ್ಟಿ. ಬಿಡಿ ಗಾಳಗಳಿಗೆ ನಮ್ಮ ಅಂಕ ಐದಕ್ಕೆ ಎರಡು. ಮಕ್ಕಳ ಜೊತೆ ನಾಲೆಯಲ್ಲಿ ಪಕ್ಕೆ, ಜಿಲೇಬಿ ಹಿಡಿಯಲು ಸಾಕು.

ಬೈಟ್‌ಹೋಲ್ಡರ್, ಅಂದರೆ ಎರೆ ಜಾರದಂತೆ ಹಿಡಿಯುವ ಗಾಳಗಳಲ್ಲಿ ನಾರ್ವೆಯ ಮಸ್ಟಾಡ್ ಕಂಪನಿಯ 92247 ಮಾದರಿ ನಮ್ಮ ಪೆಟ್ಟಿಗೆಯಲ್ಲಿ ಖಾಯಂ ಇರುವುದು. ಕಂದು ಬಣ್ಣದ ಲೇಪನ, ಕಡ್ಡಿಯ ಮೇಲೆ ಕೆತ್ತಿ ಎಬ್ಬಿಸಿದ ಸಣ್ಣ ಮುಳ್ಳುಗಳು, ಒಳಕ್ಕೆ ಬಾಗಿದ ಮೊನೆ. ಎರೆಹುಳಕ್ಕೆ ಇದಕ್ಕಿಂತ ಒಳ್ಳೆಯದು ಬೇಕಿಲ್ಲ. ಹುಳದ ತಲೆಯನ್ನು ಕಡ್ಡಿಯ ಮುಳ್ಳಿನ ಮೇಲಕ್ಕೆ ಏರಿಸಿ, ಬಾಲವನ್ನು ಬೆರಳಿನ ಒಂದು ಗೆಣ್ಣಿನಷ್ಟು ಬಿಟ್ಟರೆ ಜೋರಾಗಿ ಎಸೆದರೂ ಹುಳ ಜಾರಿ ಬಾಗಿನಲ್ಲಿ ಮುದ್ದೆಯಾಗುವುದಿಲ್ಲ. ಮುರುಗೋಡು, ಮೃಗಾಲ್, ಗೆಂಡೆಗೆ 6 ಅಥವಾ 4ನೇ ನಂಬರ್ ತೆಗೆದುಕೊಳ್ಳಿ. ಹಿಟ್ಟಿನ ಉಂಡೆಗೆ ಮಾತ್ರ ಈ ಕಡ್ಡಿಯ ಮುಳ್ಳುಗಳಿಂದ ಏನೂ ಲಾಭವಿಲ್ಲ, ಬದಲಿಗೆ ಕೆರೆಯ ಜೊಂಡು ಸಿಕ್ಕಿಕೊಳ್ಳುತ್ತದೆ. ಕಂದು ಲೇಪನ ಸಿಹಿನೀರಿಗೆ ಸರಿ, ಆದರೆ ಒದ್ದೆಯಾಗಿ ಡಬ್ಬಕ್ಕೆ ಹಾಕಿದರೆ ತುಕ್ಕು ಹಿಡಿಯುತ್ತದೆ. ಐದಕ್ಕೆ ನಾಲ್ಕು.

ನಮ್ಮ ಭಾಗಕ್ಕೆ ಒಂದೇ ಬಗೆಯ ಗಾಳ ಆರಿಸಿ ಎಂದರೆ ನಾವು ಚಿನುವನ್ನೇ ಆರಿಸುತ್ತೇವೆ. ಕಡ್ಡಿ ಗಿಡ್ಡ, ತಂತಿ ದಪ್ಪ, ಒಳ್ಳೆಯ ಕಂಪನಿಯದಾದರೆ ಬಾಗಿನ ಎರಡೂ ಪಕ್ಕವನ್ನು ತಟ್ಟಿ ಚಪ್ಪಟೆ ಮಾಡಿರುತ್ತಾರೆ. ಬಾಗು ಬಿಚ್ಚಿಕೊಳ್ಳದಂತೆ ತಡೆಯುವುದು ಆ ಚಪ್ಪಟೆ. ಗಿಡ್ಡ ಕಡ್ಡಿ ಇರುವುದರಿಂದ ಗಾಳ ಪೂರ್ತಿ ಉಂಡೆಯೊಳಗೆ ಅಡಗುತ್ತದೆ, ತೂಕವೂ ಕಡಿಮೆ. ರಿಂಗ್ ಇರುವ ಚಿನುವನ್ನೇ ಕೇಳಿ. ಜಪಾನಿನ ಮೂಲ ವಿನ್ಯಾಸದಲ್ಲಿ ಕಣ್ಣಿನ ಬದಲು ಚಪ್ಪಟೆ ತುದಿ ಇರುತ್ತದೆ, ಅದಕ್ಕೆ ದಾರ ಸುತ್ತಿಯೇ ಕಟ್ಟಬೇಕು.

ದಾವಣಗೆರೆ ಸೀಮೆಯಲ್ಲಿ ಮೆಕ್ಕೆಜೋಳಕ್ಕೆ ಬರವಿಲ್ಲ. ಗೆಂಡೆಗೂ ರೋಹುವಿಗೂ ಅದು ಒಳ್ಳೆಯ ಎರೆ, ಚಿನುವಿಗೆ ಹೇಳಿ ಮಾಡಿಸಿದ್ದು. ಒಣ ಕಾಳನ್ನು ಒಂದು ದಿನ ಪೂರ್ತಿ ನೆನೆಸಿ, ಉಗುರಿಗೆ ಒತ್ತಿದರೆ ತಗ್ಗು ಬೀಳುವವರೆಗೆ ಬೇಯಿಸಿ. ನೆನೆಸದೆ ಬೇಯಿಸಿದರೆ ಮೇಲೆ ಬೆಂದು ಒಳಗೆ ಕಲ್ಲಾಗಿರುತ್ತದೆ, ಮೊನೆ ಅಲ್ಲೇ ಮೊಂಡಾಗುತ್ತದೆ. ಕಾಳನ್ನು ಗಾಳಕ್ಕೆ ಚುಚ್ಚುವುದಕ್ಕಿಂತ ಗಾಳದ ಹಿಂದೆ ದಾರದ ಬಾಲಕ್ಕೆ ಪೋಣಿಸುವುದು ಮೇಲು. ದಾರದ ತುದಿಗೆ ಸಣ್ಣ ಕುಣಿಕೆ ಹಾಕಿ, ಅದು ಬಾಗಿನಿಂದ ಕೆಳಗೆ 15 ಮಿ.ಮೀ. ಇಳಿಯುವಂತೆ ಕಡ್ಡಿಗೆ ಒತ್ತಿ ಹಿಡಿಯಿರಿ. ಉಳಿದ ದಾರವನ್ನು ಕಣ್ಣಿನೊಳಗೆ ಹಿಂದಿನಿಂದ (ಮೊನೆ ಇಲ್ಲದ ಪಕ್ಕದಿಂದ) ತಂದು ಕಡ್ಡಿಯ ಸುತ್ತ ಏಳೆಂಟು ಸುತ್ತು ಬಿಗಿಯಾಗಿ ಸುತ್ತಿ, ಮತ್ತೆ ಹಿಂದಿನಿಂದಲೇ ಕಣ್ಣಿಗೆ ತೂರಿಸಿ ಎಳೆಯಿರಿ. ಮುಂದಿನಿಂದ ತೂರಿಸಿದರೆ ಎಳೆದಾಗ ಗಾಳ ಮೀನಿನ ತುಟಿಯ ಕಡೆಗೆ ತಿರುಗುವುದಿಲ್ಲ. ಕುಣಿಕೆಗೆ ಎರಡು ಮೂರು ಕಾಳು ಪೋಣಿಸಿ, ಜಾರದಂತೆ ಹುಲ್ಲುಕಡ್ಡಿಯ ಚೂರು ಸಿಕ್ಕಿಸಿ. ಗೆಂಡೆ ಎರೆಯನ್ನು ಬಾಯಿಗೆ ಹೀರಿ, ಅನುಮಾನ ಬಂದರೆ ಉಗುಳುತ್ತದೆ. ಉಗುಳುವಾಗ ಬರಿ ಮೊನೆ ಕೆಳತುಟಿಗೆ ಚುಚ್ಚಿಕೊಳ್ಳುತ್ತದೆ. ಚಿನುವಿಗೆ ಐದಕ್ಕೆ ನಾಲ್ಕೂವರೆ.

ಹಿಟ್ಟಿನ ವಿಷಯದಲ್ಲಿ "ಕಚ್ಚುತ್ತೆ, ಸಿಗಲ್ಲ" ಎನ್ನುವ ದೂರು ಎಲ್ಲ ದಡದಲ್ಲೂ ಕೇಳುತ್ತದೆ. ಹೆಚ್ಚಿನ ಸಲ ಕಾರಣ ಉಂಡೆಯ ಗಡಸುತನ. ಮೈದಾ ಹೆಚ್ಚಾಗಿ, ಬಿಸಿಲಿಗೆ ಒಣಗಿದ ಉಂಡೆಯಿಂದ ಮೊನೆ ಹೊರಗೆ ಬರುವುದೇ ಇಲ್ಲ. ಶೇಂಗಾ ಹಿಂಡಿಯ ಪುಡಿ ಎರಡು ಪಾಲು, ಹುರಿಗಡಲೆ ಹಿಟ್ಟು ಒಂದು ಪಾಲು, ಅಂಟಿಗೆ ಬೇಕಾದಷ್ಟೇ ಮೈದಾ ಸೇರಿಸಿ, ಒದ್ದೆ ಬಟ್ಟೆಯಲ್ಲಿ ಮುಚ್ಚಿಡಿ. ಕಾಟ್ಲಾ ಮೇಲುನೀರಿನಲ್ಲಿ ಮೇಯುವ ಮೀನು. ಅದಕ್ಕೆ ಹಿಟ್ಟಿನಲ್ಲಿ ಮಂಡಕ್ಕಿ ಪುಡಿ ಕಲಸಿದರೆ ಉಂಡೆ ಹಗುರವಾಗಿ ಬೇಗ ಬಿಡಿಬಿಡಿಯಾಗುತ್ತದೆ.

ಸ್ಪ್ರಿಂಗ್ ಗಾಳವನ್ನು ಬಿಡದೆ ಹೇಳಲೇಬೇಕು, ಕೆರೆ ದಡದಲ್ಲಿ ಇದನ್ನು ಬಳಸುವವರು ಬಹಳ. ತಂತಿ ಸುರುಳಿಗೆ ಹಿಟ್ಟು ಮೆತ್ತಿ, ಸುತ್ತ ನಾಲ್ಕೈದು ಗಾಳ ಬಿಡುವ ಸೆಟ್ ಇದು. ಉಪಾಯ ಚೆನ್ನಾಗಿದೆ: ಹಿಟ್ಟು ಕರಗಿದಂತೆ ಮೀನು ಹೀರುತ್ತದೆ, ಗಾಳವೂ ಜೊತೆಗೆ ಒಳಗೆ ಹೋಗುತ್ತದೆ. ರೆಡಿಮೇಡ್ ಸೆಟ್ಟಿನ ದೌರ್ಬಲ್ಯ ಗಾಳಗಳಲ್ಲಿ. ಸುರುಳಿ ಗಟ್ಟಿ, ಗಾಳ ಮಾತ್ರ ಮೇಲೆ ಹೇಳಿದ ಡಬ್ಬದ ಮಾಲು. ಆ ಗಾಳಗಳನ್ನು ಕತ್ತರಿಸಿ ತೆಗೆದು, 8 ಸೆಂ.ಮೀ. ಮೀರದ ಮೆತ್ತನೆ ಬ್ರೇಡ್ (ಹೆಣೆದ) ದಾರದಲ್ಲಿ ಚಿನು ಕಟ್ಟಿಕೊಳ್ಳಿ. ನಾಲ್ಕೈದು ಬೇಡ, ಎರಡು ಸಾಕು. ಒಂದಕ್ಕೆ ಮೀನು ಸಿಕ್ಕಾಗ ಉಳಿದವು ಅದರ ಕಣ್ಣಿಗೋ ಹೊಟ್ಟೆಗೋ, ಬಿಡಿಸುವವರ ಕೈಗೋ ಚುಚ್ಚುತ್ತವೆ. ಹಾಗೇ ಬಳಸಿದರೆ ಐದಕ್ಕೆ ಎರಡು, ಗಾಳ ಬದಲಿಸಿದರೆ ನಾಲ್ಕು.

ಸರ್ಕಲ್ ಗಾಳವನ್ನು ನಮ್ಮ ಕಡೆ ಇನ್ನೂ ಅನುಮಾನದಿಂದ ನೋಡುತ್ತಾರೆ. ಮೊನೆ ಕಡ್ಡಿಯ ಕಡೆಗೆ ನೇರ ತಿರುಗಿರುವುದರಿಂದ ಏನೂ ಚುಚ್ಚಲಾರದು ಅನ್ನಿಸುತ್ತದೆ. ರಾತ್ರಿ ಕೋಲು ಊರಿ ಮುರುಗೋಡು, ಬಾಳೆ ಮೀನಿಗೆ ಕಾಯುವವರಿಗೆ ಇದರಷ್ಟು ನಂಬಿಕೆಯದು ಬೇರೆ ಇಲ್ಲ. ಒಂದೇ ಷರತ್ತು, ಜಗ್ಗಬಾರದು. ಮೀನು ಎರೆ ನುಂಗಿ ತಿರುಗಿ ಹೊರಟಾಗ ದಾರ ಬಿಗಿಯಾಗಿ, ಗಾಳ ಗಂಟಲಿನಿಂದ ಜಾರಿ ಬಂದು ಬಾಯಿಯ ಮೂಲೆಯಲ್ಲಿ ಕೂರುತ್ತದೆ. ಅಭ್ಯಾಸಬಲದಿಂದ ಜಗ್ಗಿದರೆ ಬಾಯಿಂದ ಖಾಲಿ ಹೊರಗೆ ಬರುತ್ತದೆ. ಎರೆಯಿಂದ ಗಾಳದ ಬಾಯಿ ತುಂಬಿಸಬೇಡಿ, ಅರ್ಧಕ್ಕಿಂತ ಹೆಚ್ಚು ಖಾಲಿ ಇರಲಿ. ಮೊನೆ ಪಕ್ಕಕ್ಕೆ ವಾಲದ, ನೇರ ಮಾದರಿಯನ್ನೇ ಕೊಳ್ಳಿ. ವಾಲಿದ್ದು ಗಂಟಲಲ್ಲೇ ಕಚ್ಚಿಕೊಳ್ಳುವ ಸಾಧ್ಯತೆ ಹೆಚ್ಚು. ಬಾಳೆ ಮೀನಿನ ಹಲ್ಲಿಗೆ ನೈಲಾನ್ ದಾರ ಸವೆಯುತ್ತದೆ, ಗಾಳದ ಮೇಲೆ ಒಂದು ಗೇಣು ಉಕ್ಕಿನ ತಂತಿ ಹಾಕಿ. ಸಿಕ್ಕ ಸಣ್ಣ ಮೀನನ್ನು ಜೀವಂತವಾಗಿ ಮತ್ತೆ ನೀರಿಗೆ ಬಿಡುವವರಿಗೂ ಇದೇ ಸರಿಯಾದ ಗಾಳ. ಐದಕ್ಕೆ ಐದು.

ಕೊರವ ಮೀನಿಗೆ ರಬ್ಬರ್ ಕಪ್ಪೆ ಎಂಬ ಕೃತಕ ಎರೆಯ ಜೋಡಿ ಗಾಳ. ಕೊರವದ ದವಡೆ ಬರೀ ಮೂಳೆ, ತೆಳು ತಂತಿಯ ಆಟ ನಡೆಯದು. ಪ್ಯಾಕೆಟ್ಟಿನಿಂದ ತೆಗೆದ ಕೂಡಲೇ ಎರಡೂ ಮೊನೆಗಳನ್ನು ಇಕ್ಕಳದಲ್ಲಿ ಕಪ್ಪೆಯ ಮೈಯಿಂದ ಒಂದೆರಡು ಮಿ.ಮೀ. ಮಾತ್ರ ಹೊರಕ್ಕೆ ಸರಿಸಿ. ಜಾಸ್ತಿ ಸರಿಸಿದರೆ ಜೊಂಡಿಗೆ ಸಿಕ್ಕುತ್ತದೆ, ಸರಿಸದೆ ಬಿಟ್ಟರೆ ಮೀನು ಕಚ್ಚಿಯೂ ತಪ್ಪಿಸಿಕೊಳ್ಳುತ್ತದೆ.

ಮೂರು ಮೊನೆಯ ಗಾಳ ನೀರಲ್ಲಿ ತಿರುಗುವ ಚಮಚೆಯಂಥ ಕೃತಕ ಎರೆಗಳಿಗಷ್ಟೇ ಇರಲಿ. 1933ರ ನಂತರ ವಾಣಿವಿಲಾಸ ಸಾಗರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಹಾಗೆ ನೀರು ಏರಿದಾಗ ದಡದ ಜಾಲಿ ಮುಳುಗುತ್ತದೆ, ಅದರೊಳಗೆ ಮೂರು ಮೊನೆ ಎಸೆದರೆ ದಾರ ಸಮೇತ ಬಿಟ್ಟು ಬರಬೇಕು.

ಮೊನೆಯನ್ನು ಪ್ರತಿ ಸಲ ಉಗುರಿನ ಮೇಲೆ ಎಳೆದು ನೋಡಿ. ಭಾರ ಹಾಕದೆ ಗೀರು ಬಿದ್ದರೆ ಚೂಪು, ಜಾರಿದರೆ ಮೊಂಡು. ಹರಿಹರದ ಹೊಳೆಯ ಬಂಡೆಗೆ ಒಮ್ಮೆ ತಾಗಿದರೂ ತುದಿ ಮಡಚಿಕೊಳ್ಳುತ್ತದೆ, ಅದು ಕಣ್ಣಿಗೆ ಕಾಣುವುದಿಲ್ಲ. ನಯವಾದ ಅರದಿಂದ ಮೊನೆಯ ಕಡೆಗೆ, ಎರಡು ಪಕ್ಕ ಮತ್ತು ಹೊರಮೈ ಮೂರೂ ಕಡೆ ನಾಲ್ಕೈದು ಸಲ ಉಜ್ಜಿ. ಆಮ್ಲದಲ್ಲಿ ಅದ್ದಿ ಚೂಪು ಮಾಡಿದ ಸೂಜಿಮೊನೆಯ ಗಾಳಗಳು ಒಮ್ಮೆ ಮೊಂಡಾದರೆ ಅರದಿಂದ ಹಳೆಯ ಚೂಪು ಬಾರದು, ಬದಲಿಸಿ.

ಸಂಜೆ ಮನೆಗೆ ಬಂದ ಮೇಲೆ ಗಾಳಗಳನ್ನು ಒರೆಸಿ, ಗಾಳಿಗೆ ಒಣಗಿಸಿ, ಒಂದು ಹನಿ ಹೊಲಿಗೆ ಯಂತ್ರದ ಎಣ್ಣೆ ಸವರಿದ ಬಟ್ಟೆಯಲ್ಲಿ ಇಡಿ. ಎರೆ ಕಟ್ಟುವ ಮುನ್ನ ಆ ಎಣ್ಣೆಯನ್ನು ಸೋಪಿನಲ್ಲಿ ತೊಳೆಯಿರಿ. ತುಕ್ಕು ಹಿಡಿದದ್ದನ್ನು ಹೊಸದರ ಜೊತೆ ಸೇರಿಸಬೇಡಿ.

ಬಹಳಷ್ಟು ಕೆರೆಗಳ ಮೀನು ಹಿಡಿಯುವ ಹಕ್ಕನ್ನು ಗುತ್ತಿಗೆಗೆ ಕೊಟ್ಟಿರುತ್ತಾರೆ, ಗುತ್ತಿಗೆದಾರರನ್ನು ಕೇಳಿಯೇ ಗಾಳ ಹಾಕಿ. ಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಿಕೊಂಡರೆ ದಾರ ಸಡಿಲ ಬಿಡದಿರುವವರೆಗೆ ಮೀನು ತಪ್ಪುವುದಿಲ್ಲ, ಬೆರಳಿಗೆ ಚುಚ್ಚಿಕೊಂಡರೂ ಹಾಗೇ ಬರುತ್ತದೆ. ಮುಳ್ಳು ಒಳಗೆ ಹೋಗಿದ್ದರೆ ಎಳೆದಾಡದೆ ಆಸ್ಪತ್ರೆಗೆ ಹೋಗಿ, ಟಿಟಿ ಚುಚ್ಚುಮದ್ದು ಹಾಕಿಸಿಕೊಳ್ಳಿ. ಮುರಿದ, ಬಿಸಾಡುವ ಗಾಳಗಳಿಗೆ ಮುಚ್ಚಳ ಇರುವ ಒಂದು ಸಣ್ಣ ಬಾಟಲಿ ಇಟ್ಟುಕೊಳ್ಳಿ. ದಡದಲ್ಲಿ ದನಗಳು ನೀರು ಕುಡಿಯುತ್ತವೆ, ಬಟ್ಟೆ ಒಗೆಯುವವರು ಬರಿಗಾಲಲ್ಲಿ ಇಳಿಯುತ್ತಾರೆ. ಒಂದು ಗಾಳವನ್ನೂ ಅಲ್ಲಿ ಬಿಟ್ಟು ಬರಬೇಡಿ.