ಕಲಬುರಗಿಯಲ್ಲಿ ಕ್ಲಾಟ್ ತರಬೇತಿ: ಗದ್ಯಭಾಗ ಓದಿಸುವ ಒಂದು ಭಾನುವಾರದ ತರಗತಿ

ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಪ್ರವೇಶಕ್ಕೆ ನಡೆಯುವ ಕ್ಲಾಟ್ ಪರೀಕ್ಷೆಯ ಸ್ವರೂಪ 2020ರಲ್ಲಿ ಬದಲಾದ ಮೇಲೆ ಬಿಡಿ ಪ್ರಶ್ನೋತ್ತರಗಳ ಬಾಯಿಪಾಠಕ್ಕೆ ಅಲ್ಲಿ ಬೆಲೆಯಿಲ್ಲ. ಇಂಗ್ಲಿಷ್ ವಿಭಾಗದಲ್ಲಿ ಮಾತ್ರವಲ್ಲ, ಕಾನೂನು ತರ್ಕ, ಸಾಮಾನ್ಯ ತರ್ಕ ಹಾಗೂ ಪ್ರಚಲಿತ ವಿದ್ಯಮಾನಗಳಲ್ಲಿಯೂ ಸುಮಾರು 450 ಪದಗಳ ಗದ್ಯಭಾಗವನ್ನು ಕೊಟ್ಟೇ ಪ್ರಶ್ನೆ ಕೇಳುತ್ತಾರೆ. ಆದ್ದರಿಂದ ದ್ವಿತೀಯ ಪಿಯುಸಿ ಓದುತ್ತಿರುವ ಮಗಳಿಗಾಗಿ ಕಲಬುರಗಿಯಲ್ಲಿ ತರಬೇತಿ ಹುಡುಕುವಾಗ, ಗದ್ಯಭಾಗವನ್ನು ಓದುವುದನ್ನು ಹೇಗೆ ಕಲಿಸುತ್ತಾರೆಂಬ ಒಂದೇ ಅಂಶವನ್ನು ನಾನು ಗಮನಿಸಿದೆ. ಕೊನೆಗೆ ಅವಳನ್ನು ಸೇರಿಸಿದ್ದು ನಗರದ ಒಂದು ಸಣ್ಣ ಕೇಂದ್ರದ ಭಾನುವಾರದ ತರಗತಿಗೆ.

ಪೋಷಕರಿಗೂ ಪ್ರವೇಶವಿದ್ದ ಮಾದರಿ ತರಗತಿಯಲ್ಲಿ ನಾನು ಹಿಂದಿನ ಸಾಲಿನಲ್ಲಿ ಕುಳಿತು ಪಾಠ ಕೇಳಿದೆ. ಶಿಕ್ಷಕಿ ಕೊಟ್ಟ ಇಂಗ್ಲಿಷ್ ಗದ್ಯಭಾಗ ತೊಗರಿ ಮಾರಾಟದ ಕುರಿತಾಗಿತ್ತು. ಮಾರಿದ ರೈತರಲ್ಲಿ ಕೆಲವರಿಗಷ್ಟೇ ಬೆಂಬಲ ಬೆಲೆ ಸಿಕ್ಕಿತೆಂದು ಅದರಲ್ಲಿತ್ತು. ಇದರಿಂದ ಯಾವ ತೀರ್ಮಾನಕ್ಕೆ ಬರಬಹುದೆಂಬ ಪ್ರಶ್ನೆಗೆ ಜೇವರ್ಗಿ ಕಡೆಯ ಒಬ್ಬ ಹುಡುಗ, ದಲ್ಲಾಳಿಗಳಿಂದ ರೈತರಿಗೆ ನಷ್ಟವಾಯಿತೆಂಬ ಆಯ್ಕೆಯನ್ನು ಗುರುತಿಸಿದ. ಮನೆಯಲ್ಲಿ ತೊಗರಿ ಬೆಳೆಯುವ ಅವನಿಗೆ ಅದು ಕಣ್ಣಾರೆ ಕಂಡ ಸತ್ಯ. ಶಿಕ್ಷಕಿ ಅವನ ಮಾತನ್ನು ಅಲ್ಲಗಳೆಯಲಿಲ್ಲ. ಅದನ್ನು ಹೇಳುವ ಸಾಲಿನ ಕೆಳಗೆ ಗೆರೆ ಎಳೆಯುವಂತೆ ಕೇಳಿದರು. ಅಂಥ ಸಾಲು ಇರಲಿಲ್ಲ. ಬೆಂಬಲ ಬೆಲೆ ಸಿಗದ ರೈತರೂ ಇದ್ದರೆಂಬ ಸಪ್ಪೆಯಾದ ಆಯ್ಕೆಯೇ ಸರಿಯುತ್ತರವಾಗಿತ್ತು. ನಿಜವಾದ ಸಂಗತಿಯೂ ಗದ್ಯಭಾಗದ ಆಧಾರವಿಲ್ಲದಿದ್ದರೆ ತಪ್ಪುತ್ತರವಾಗುತ್ತದೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ಕಲಿಸುವವರು ನನಗೆ ಬೇರೆಲ್ಲೂ ಕಾಣಲಿಲ್ಲ. ಕಾನೂನು ತರ್ಕದ ವಿಭಾಗದಲ್ಲಿ ಇದು ಇನ್ನೂ ಮುಖ್ಯ, ಏಕೆಂದರೆ ಅಲ್ಲಿ ಗದ್ಯಭಾಗದಲ್ಲಿರುವ ನಿಯಮವನ್ನೇ ಪ್ರಶ್ನೆಯ ಸಂಗತಿಗಳಿಗೆ ಅನ್ವಯಿಸಬೇಕೇ ಹೊರತು ಬೇರೆಡೆ ಓದಿದ ಕಾನೂನನ್ನಲ್ಲ. ಇಲ್ಲಿನ ಹೈಕೋರ್ಟ್ ಪೀಠದಲ್ಲಿ ವಕೀಲಿ ಮಾಡುವ ನನಗೆ, ತೀರ್ಪನ್ನು ಪೂರ್ತಿ ಓದದೆ ಅದರ ಸಾರಾಂಶವನ್ನಷ್ಟೇ ನೆಚ್ಚಿ ವಾದಕ್ಕೆ ನಿಲ್ಲುವ ಕಿರಿಯರನ್ನು ಕಂಡಾಗಲೆಲ್ಲ, ಈ ಶಿಸ್ತು ಪ್ರವೇಶಕ್ಕೆ ಮೊದಲೇ ಬರಬೇಕೆಂದು ಅನಿಸುತ್ತದೆ.

ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಕ್ಕಳಿಗೆ ಪ್ರತಿ ಪರಿಚ್ಛೇದದ ವಾದವನ್ನು ಅಂಚಿನಲ್ಲಿ ಒಂದು ಸಾಲಿನಲ್ಲಿ ಕನ್ನಡದಲ್ಲೇ ಬರೆದುಕೊಳ್ಳಲು ಹೇಳುತ್ತಾರೆ. ಓದು ಹಿಡಿತಕ್ಕೆ ಬಂದಂತೆ ಅದನ್ನು ಬಿಡಿಸುತ್ತಾರೆ. ನನ್ನ ಮಗಳಿಗೆ ಹೆಚ್ಚು ಉಪಯೋಗವಾದದ್ದು ಇದೇ. ಲೇಖಕರ ಅಭಿಪ್ರಾಯ ಎಲ್ಲಿ ಮುಗಿಯುತ್ತದೆ, ಅವರು ಖಂಡಿಸಲೆಂದೇ ಉಲ್ಲೇಖಿಸಿದ ಇತರರ ಅಭಿಪ್ರಾಯ ಎಲ್ಲಿ ಆರಂಭವಾಗುತ್ತದೆ ಎಂಬುದನ್ನು ಅವಳು ಈಗ ತಡವರಿಸದೆ ಗುರುತಿಸುತ್ತಾಳೆ.

ಕೊರತೆಗಳೂ ಇವೆ. ಪರೀಕ್ಷೆಯಲ್ಲಿ 120 ನಿಮಿಷಕ್ಕೆ 120 ಪ್ರಶ್ನೆಗಳಿರುವುದರಿಂದ, ಆರು ಪ್ರಶ್ನೆಗಳ ಒಂದು ಗದ್ಯಭಾಗಕ್ಕೆ ಓದುವ ಸಮಯವೂ ಸೇರಿ ಆರೇಳು ನಿಮಿಷ ಮಾತ್ರ ಸಿಗುತ್ತದೆ, ನಿಜ. ಆದರೆ ಮೊದಲ ವಾರದಿಂದಲೇ ಗಡಿಯಾರ ಹಿಡಿದು ಓಡಿಸುವುದು ನನಗೆ ಒಪ್ಪಿಗೆಯಾಗಲಿಲ್ಲ. ಪ್ರತಿ ತಪ್ಪುತ್ತರಕ್ಕೆ ಕಾಲು ಅಂಕ ಕಳೆಯುವ ಪರೀಕ್ಷೆಗೆ ನಿಖರತೆ ಮೊದಲು, ವೇಗ ನಂತರ ಬರಬೇಕು. ಅಣಕು ಪರೀಕ್ಷೆಗಳ ಉತ್ತರ ಪತ್ರಿಕೆಯಲ್ಲಿ ಸರಿಯುತ್ತರದ ಅಕ್ಷರ ಮಾತ್ರ ಇರುತ್ತದೆ. ಉಳಿದ ಮೂರು ಆಯ್ಕೆಗಳು ಏಕೆ ತಪ್ಪೆಂಬ ವಿವರಣೆ ಇರುವುದಿಲ್ಲ. ತರಗತಿಯಲ್ಲಿ ಅಷ್ಟು ಚೆನ್ನಾಗಿ ವಿವರಿಸುವವರು ಮುದ್ರಿತ ಹಾಳೆಯಲ್ಲಿ ಅದನ್ನು ಬಿಡುವುದು ದೊಡ್ಡ ಲೋಪ. ಜೆರಾಕ್ಸ್ ಪ್ರತಿಗಳ ಅಕ್ಷರಗಳೂ ತೀರಾ ಸಣ್ಣವು.

ಆಳಂದ, ಚಿತ್ತಾಪುರ, ಸೇಡಂ ಕಡೆಯಿಂದ ಬಸ್ಸಿನಲ್ಲಿ ಬರುವ ಮಕ್ಕಳಿಗೆ ಸಂಜೆ ತರಗತಿ ತಡವಾಗಿ ಬಿಡುವುದು ತೊಂದರೆಯಾಗುತ್ತಿದೆ. ಈ ಬಗ್ಗೆ ನಾವು ಕೆಲವು ಪೋಷಕರು ಮನವಿ ಕೊಟ್ಟಿದ್ದೇವೆ. ಶುಲ್ಕವನ್ನು ಎರಡು ಕಂತುಗಳಲ್ಲಿ ಕಟ್ಟಬಹುದು.

ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯವನ್ನು ಈಗಾಗಲೇ ಸರಾಗವಾಗಿ ಓದುವ ವಿದ್ಯಾರ್ಥಿಗೆ ಈ ತರಗತಿ ಅನಿವಾರ್ಯವಲ್ಲ. ಕಾನೂನು ವಿಶ್ವವಿದ್ಯಾಲಯಗಳ ಒಕ್ಕೂಟ ಅಭ್ಯರ್ಥಿಗಳಿಗೆ ನೀಡುವ ಮಾದರಿ ಪ್ರಶ್ನೆಪತ್ರಿಕೆಗಳನ್ನು ಬಿಡಿಸಿದರೆ ಸಾಕಾಗಬಹುದು. ಓದಿದ್ದು ಅರ್ಥವಾದರೂ ಎರಡು ಆಯ್ಕೆಗಳ ನಡುವೆ ಪ್ರತಿ ಸಲವೂ ಸಿಕ್ಕಿಬೀಳುವವರು ಮಾತ್ರ ತಪ್ಪದೆ ಸೇರಬೇಕು. ಪರೀಕ್ಷೆ ಸಾಮಾನ್ಯವಾಗಿ ಡಿಸೆಂಬರ್‌ನಲ್ಲಿ ನಡೆಯುವುದರಿಂದ, ದಸರಾ ರಜೆಯವರೆಗೆ ಕಾಯದೆ ಜೂನ್‌ನಲ್ಲಿ ಆರಂಭವಾಗುವ ತಂಡಕ್ಕೇ ಸೇರುವುದು ಒಳಿತು.