ಟ್ರೇಲರ್ ಚಕ್ರಕ್ಕೆ ಟೆಂಪರೇಚರ್ ಗನ್: ಎರಡು ವರ್ಷ ಬಳಸಿದ ಮೇಲೆ

ಟ್ರೇಲರ್ ಓಡಿಸುವವರು ಟೆಂಪರೇಚರ್ ಗನ್ (ಮುಟ್ಟದೆ ದೂರದಿಂದಲೇ ಬಿಸಿ ಅಳೆಯುವ ಸಾಧನ) ಇಟ್ಟುಕೊಳ್ಳಬೇಕಾ ಅಂತ ಕೇಳಿದರೆ, ಇಟ್ಟುಕೊಳ್ಳಿ ಅಂತಲೇ ಹೇಳುತ್ತೇನೆ.

ನನ್ನ ಗನ್ ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ತಗೊಂಡಿದ್ದು. ಪಿಸ್ತೂಲಿನ ಆಕಾರ, 9 ವೋಲ್ಟ್ ಬ್ಯಾಟರಿ, 550 ಡಿಗ್ರಿವರೆಗೆ ಅಳೆಯುತ್ತದೆ. ಕೊರೊನಾ ಕಾಲದಲ್ಲಿ ಮಾಲ್ ಬಾಗಿಲಲ್ಲಿ ಹಣೆಗೆ ಹಿಡಿಯುತ್ತಿದ್ದರಲ್ಲ, ಆ ಗನ್ ಬೇರೆ. ಅದು ಮೈ ಜ್ವರಕ್ಕೆ ಮಾತ್ರ, ಬ್ರೇಕ್ ಡ್ರಮ್ಮಿಗೆ (ಚಕ್ರದ ಜೊತೆ ತಿರುಗುವ, ಒಳಗಡೆ ಬ್ರೇಕ್ ಉಜ್ಜುವ ಲೋಹದ ಬಟ್ಟಲು) ಆಗಿಬರಲ್ಲ.

ನಮ್ಮದು ಮೂರು ಆಕ್ಸಲ್ಲಿನ ಟ್ರೇಲರ್, ಗಾಳಿಯ ಒತ್ತಡದಲ್ಲಿ ಕೆಲಸ ಮಾಡುವ ಏರ್ ಬ್ರೇಕ್. ವೈಟ್‌ಫೀಲ್ಡ್ ಡಿಪೋದಿಂದ ಚೆನ್ನೈಗೆ ಕಂಟೇನರ್, ಆಗಾಗ ಮಂಗಳೂರು. ಮೊದಲೆಲ್ಲ ಟೀಗೆ ನಿಲ್ಲಿಸಿದಾಗ ಡ್ರೈವರ್ ಚಕ್ರದ ನಡುವಿನ ಹಬ್ಬಿನ ಹತ್ತಿರ ಕೈ ಹಿಡಿದು ನೋಡುತ್ತಿದ್ದರು. ಬಿಸಿ ಇದೆಯಾ ಇಲ್ವಾ ಅಂತ ಗೊತ್ತಾಗುತ್ತಿತ್ತು. ಎಲ್ಲಿ ಬಿಸಿ, ಎಷ್ಟು ಬಿಸಿ ಅನ್ನೋದು ಗೊತ್ತಾಗುತ್ತಿರಲಿಲ್ಲ.

ಗನ್ನಿನ ನಿಜವಾದ ಉಪಯೋಗ ಅಲ್ಲೇ ಇರೋದು. ಒಂದೇ ಚಕ್ರದಲ್ಲಿ ಎರಡು ಕಡೆ ಹಿಡಿಯಿರಿ: ನಡುವಿನ ಹಬ್ ಕ್ಯಾಪ್‌ಗೆ ಒಂದು ಸಲ, ಒಳಗಿನ ಡ್ರಮ್ಮಿಗೆ ಒಂದು ಸಲ. ಡ್ರಮ್ ಸುಡುತ್ತಿದ್ದು ಹಬ್ ಅಷ್ಟಾಗಿ ಬಿಸಿ ಇಲ್ಲ ಅಂದರೆ ಬ್ರೇಕ್ ಹಿಡಿದುಕೊಂಡಿದೆ. ಹಬ್ಬೇ ಜಾಸ್ತಿ ಬಿಸಿ ಅಂದರೆ ಬೇರಿಂಗ್ ನೋಡಬೇಕು. ಗ್ರೀಸ್ ಹಾಕಿದ ಮೇಲೆ ನಟ್ ಜಾಸ್ತಿ ಬಿಗಿದಿರಬಹುದು, ಇಲ್ಲವೇ ಗ್ರೀಸ್ ಒಣಗಿರಬಹುದು. ಹಾಗೇ ಬಿಟ್ಟರೆ ಗ್ರೀಸ್ ಕರಗಿ, ಆಯಿಲ್ ಸೀಲ್ ದಾಟಿ ಲೈನರ್ (ಡ್ರಮ್ಮಿಗೆ ಉಜ್ಜಿ ಚಕ್ರ ನಿಲ್ಲಿಸುವ ಪಟ್ಟಿ) ಮೇಲೆ ಬರುತ್ತದೆ. ಆಮೇಲೆ ಆ ಚಕ್ರಕ್ಕೆ ಬ್ರೇಕೂ ಇಲ್ಲ.

ಒಂದು ಸಲ ಕೃಷ್ಣಗಿರಿ ದಾಟಿ ನಿಲ್ಲಿಸಿ ನೋಡಿದರೆ ಎಲ್ಲ ಡ್ರಮ್ಮೂ 60, 70 ಡಿಗ್ರಿಯಲ್ಲಿದ್ದವು. ಎಡಗಡೆ ನಡುವಿನದು ಮಾತ್ರ 150. ಅದೇ ಚಕ್ರಕ್ಕೆ ಒಬ್ಬ ಮೆಕ್ಯಾನಿಕ್ ಅದಕ್ಕೂ ಮುಂಚೆ ಲೈನರ್ ಬದಲಿಸಿ ದುಡ್ಡು ತಗೊಂಡಿದ್ದ. ಈ ಸಲ ಬೇರೆ ಚಕ್ರಗಳಿಗೆ ಮರದ ತುಂಡು ಕೊಟ್ಟು, ಅದೊಂದನ್ನು ಜಾಕ್ ಮೇಲೆ ಎತ್ತಿ, ಬ್ರೇಕ್ ಬಿಡಿಸಿ ಕೈಯಲ್ಲಿ ತಿರುಗಿಸಿದೆವು. ಅಲ್ಲಾಡಲಿಲ್ಲ. ಬ್ರೇಕಿನ ಬಿಗಿ ಹೊಂದಿಸುವ ಸ್ಲ್ಯಾಕ್ ಅಡ್ಜಸ್ಟರ್ ಸಡಿಲ ಮಾಡಿದ ತಕ್ಷಣ ತಿರುಗಿತು. ಡ್ರೈವರ್ ಪೆಡಲ್ ಒತ್ತಿ ಬಿಡುವಾಗ ಕೆಳಗೆ ಬಗ್ಗಿ ನೋಡಿದೆ. ಗಾಳಿಯ ಒತ್ತಡದಿಂದ ಬ್ರೇಕ್ ಹಾಕುವ ಬೂಸ್ಟರಿನ ರಾಡ್ ಹೊರಗೆ ಬರುವಾಗ ಸರಾಗ, ವಾಪಸ್ ಹೋಗುವಾಗ ಅರ್ಧಕ್ಕೆ ನಿಲ್ಲುತ್ತಿತ್ತು. ತಿರುಗಿ ಲೈನರನ್ನು ಡ್ರಮ್ಮಿಗೆ ಒತ್ತುವ ಎಸ್-ಕ್ಯಾಮ್ ಕೂರುವ ಬುಷ್ ಒಣಗಿ ತುಕ್ಕು ಹಿಡಿದಿತ್ತು. ಲೈನರ್ ಎಷ್ಟು ಸಲ ಬದಲಿಸಿದರೂ ಏನು ಪ್ರಯೋಜನ? ಬುಷ್ ಹಾಕಿ, ಗ್ರೀಸ್ ಹೊಡೆದ ಮೇಲೆ ಉಳಿದ ಚಕ್ರಗಳ ಲೆಕ್ಕಕ್ಕೇ ಬಂತು.

ಎಲ್ಲ ಚಕ್ರವೂ ಒಟ್ಟಿಗೆ ಬಿಸಿ ಅಂದರೆ ಚಕ್ರ ಬಿಚ್ಚಬೇಡಿ, ಮೊದಲು ಗಾಳಿ ನೋಡಿ. ಸ್ಪ್ರಿಂಗಿನ ಬಲದಿಂದ ತಾನೇ ಬೀಳುವ ಸ್ಪ್ರಿಂಗ್ ಬ್ರೇಕನ್ನು ಬಿಡಿಸಿ ಹಿಡಿದಿರೋದೇ ಗಾಳಿಯ ಒತ್ತಡ. ಎಲ್ಲೋ ಲೀಕಾಗಿ ಒತ್ತಡ ಇಳಿದರೆ ಬ್ರೇಕ್ ಪೂರ್ತಿ ಬಿಡದೆ ಉಜ್ಜುತ್ತಲೇ ಇರುತ್ತದೆ. ಗಾಳಿ ಟ್ಯಾಂಕಿನಲ್ಲಿ ಸೇರುವ ನೀರನ್ನು ಹೊರಗೆ ಬಿಡದೆ ವಾಲ್ವ್ ಸಿಕ್ಕಿಕೊಂಡರೂ ಹೀಗೇ.

ಇನ್ನು ಘಾಟಿ. ಶಿರಾಡಿ ಇಳಿದು ಗುಂಡ್ಯದಲ್ಲಿ ನಿಲ್ಲಿಸಿ ಅಳೆದರೆ ಎಲ್ಲವೂ ಚೆನ್ನಾಗಿ ಬಿಸಿ ಇರುತ್ತವೆ, ಅಷ್ಟಕ್ಕೇ ಹೆದರಬೇಕಿಲ್ಲ. ಅಲ್ಲಿ ಹುಡುಕಬೇಕಾದ್ದು ತಣ್ಣಗಿರುವ ಡ್ರಮ್ಮನ್ನು. ಇಳಿಜಾರು ಮುಗಿಸಿಯೂ ಒಂದು ಚಕ್ರ ತಣ್ಣಗಿದೆ ಅಂದರೆ ಅದು ಕೆಲಸವೇ ಮಾಡಿಲ್ಲ, ಅದರ ಪಾಲಿನ ಭಾರವನ್ನೂ ಉಳಿದವು ಹೊತ್ತಿವೆ. ನಾವು ಬಿಸಿಯಾದ ಚಕ್ರವನ್ನು ರಿಪೇರಿಗೆ ಕೊಡುತ್ತೇವೆ, ತಪ್ಪು ಪಕ್ಕದ ಚಕ್ರದ್ದಾಗಿರುತ್ತದೆ. ಈ ಒಂದು ವಿಷಯಕ್ಕೇ ಗನ್ನಿನ ದುಡ್ಡು ಹುಟ್ಟಿತು ಅನ್ನಿ. ಅಂದ ಹಾಗೆ, ಕಾದ ಡ್ರಮ್ಮಿಗೆ ನೀರು ಸುರಿಯುವವರನ್ನು ಅಲ್ಲಿ ಈಗಲೂ ನೋಡುತ್ತೇನೆ. ಬಿರುಕು ಬಿಡುತ್ತೆ ಮಾರಾಯ್ರೇ, ಹಾಗೇ ಆರಲು ಬಿಡಿ.

ಗನ್ನಿನ ಬಗ್ಗೆ ದೂರೂ ಇವೆ. ಕೆಂಪು ಚುಕ್ಕೆ ಬಿದ್ದ ಜಾಗವನ್ನಷ್ಟೇ ಅಳೆಯುತ್ತೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಹಾಗಲ್ಲ. ನನ್ನದು 12:1, ಅಂದರೆ ದೂರದ ಹನ್ನೆರಡರಲ್ಲಿ ಒಂದು ಪಾಲು ಅಗಲದ ಜಾಗ ಅಳೆಯುತ್ತೆ. ಒಂದಡಿ ದೂರದಿಂದ ಹಿಡಿದರೆ ಒಂದಿಂಚು ಅಗಲದ ಬಿಸಿ ಸಿಗುತ್ತದೆ, ಆರಡಿ ದೂರ ನಿಂತರೆ ಅರ್ಧ ಅಡಿಯದ್ದು. ಆಗ ರಿಮ್ಮು, ಟೈರು ಎಲ್ಲ ಸೇರಿ ಸರಾಸರಿ ಬರುತ್ತದೆ. ಹೊಳೆಯುವ ಲೋಹಕ್ಕೆ ಇದರ ಆಟ ನಡೆಯಲ್ಲ. ಅಲ್ಯೂಮಿನಿಯಂ ಹಬ್ ಕ್ಯಾಪ್ ಕೈ ಸುಡುತ್ತಿದ್ದರೂ ಕಡಿಮೆ ತೋರಿಸುತ್ತದೆ. ಪ್ರತಿ ಕ್ಯಾಪಿನ ಮೇಲೆ ಒಂದು ಬೊಟ್ಟು ಕಪ್ಪು ಪೇಂಟ್ ಹಚ್ಚಿದ್ದೇನೆ, ಅಲ್ಲಿಗೇ ಹಿಡಿಯುತ್ತೇವೆ. ಮಳೆಯಲ್ಲಿ ಒದ್ದೆ ಚಕ್ರಕ್ಕೆ ಹಿಡಿಯೋದು ದಂಡ.

ಬ್ಯಾಟರಿ ಮುಚ್ಚಳ ಮೊದಲ ವರ್ಷವೇ ಮುರಿಯಿತು, ಈಗ ಇನ್ಸುಲೇಷನ್ ಟೇಪ್ ಮೇಲೆ ನಿಂತಿದೆ. ಡ್ಯಾಶ್‌ಬೋರ್ಡಿನ ಬಿಸಿಲಿಗೆ ಡಿಸ್‌ಪ್ಲೇ ಮಸುಕಾಗಿತ್ತು, ಸೀಟಿನ ಕೆಳಗೆ ಇಟ್ಟ ಮೇಲೆ ತೊಂದರೆ ಇಲ್ಲ. ಸಿಟಿಯೊಳಗೇ ಪೀಣ್ಯ, ಯಶವಂತಪುರ ಅಂತ ಓಡಾಡುವ ಗಾಡಿಗೆ ಅಷ್ಟೇನೂ ಬೇಕಾಗಲ್ಲ, ಸಿಗ್ನಲ್‌ಗೊಮ್ಮೆ ಬ್ರೇಕ್ ಹಾಕಿದರೆ ಎಲ್ಲ ಡ್ರಮ್ಮೂ ಬಿಸಿಯೇ. ಹೈವೇ ಗಾಡಿಯಾದರೆ ತಗೊಳ್ಳಿ. ಅಳೆಯುವ ಮುಂಚಿನ ಕೊನೆಯ ಕೆಲವು ಕಿಲೋಮೀಟರ್ ಸಮತಟ್ಟು ರಸ್ತೆಯಲ್ಲಿ ಆದಷ್ಟು ಬ್ರೇಕ್ ಮುಟ್ಟದೆ ಬನ್ನಿ.