ದೊಡ್ಡಪ್ಪನ ಮೆಡಲ್‌ಗೆ ಕಟ್ಟು ಹಾಕಿಸಿದ್ದು: ಕೆಲಸ ಚೆಂದ, ಗಮ್ ಮಾತ್ರ ಬೇಡವಾಗಿತ್ತು

ದಾವಣಗೆರೆ ಮಂಡಿಪೇಟೆ ಕಡೆ ಇರುವ ಅಂಗಡಿ, ಹೆಸರು ಬೇಡ ಬಿಡಿ. ದೇವರ ಫೋಟೋ, ಮದುವೆ ಫೋಟೋಗೆ ಕಟ್ಟು ಹಾಕುವವರು. ನಾನು ತಗೊಂಡು ಹೋಗಿದ್ದು ದೊಡ್ಡಪ್ಪನ ಮೂರು ಮೆಡಲ್.

ದೊಡ್ಡಪ್ಪ ಮದ್ರಾಸ್ ಸ್ಯಾಪರ್ಸ್‌ನಲ್ಲಿ, ಅಂದರೆ ಸೇನೆಯ ಎಂಜಿನಿಯರ್ ಪಡೆಯಲ್ಲಿದ್ದವರು. 1971ರಲ್ಲಿ ಪೂರ್ವದ ಕಡೆ ಹೊಳೆಗೆ ಸೇತುವೆ ಹಾಕಿ ಲಾರಿ ದಾಟಿಸುವ ಕೆಲಸ. ಡಿಸೆಂಬರ್ 3ಕ್ಕೆ ಯುದ್ಧ ಶುರು, 16ಕ್ಕೆ ಢಾಕಾದಲ್ಲಿ ಶರಣಾಗತಿ ಅಂತ ನಾವು ಒಂದೇ ಸಾಲಲ್ಲಿ ಓದಿ ಮುಗಿಸುತ್ತೇವೆ, ಅವರನ್ನು ಕೇಳಿದರೆ ಹೊಳೆ ನೀರಿನ ಚಳಿ ಬಿಟ್ಟು ಬೇರೇನೂ ಹೇಳುವುದಿಲ್ಲ. ಪೂರ್ವಿ ಸ್ಟಾರ್ ಬಂದಿದ್ದು ಅದಕ್ಕೇ. ಐದು ಮೂಲೆಯ ಕಂಚಿನ ನಕ್ಷತ್ರ, ನಡುವೆ ಸಿಂಹದ ಲಾಂಛನ. ಪಶ್ಚಿಮದಲ್ಲಿ ಹೋರಾಡಿದವರಿಗೆ ಪಶ್ಚಿಮಿ ಸ್ಟಾರ್. ಇನ್ನೆರಡು ದುಂಡಗಿನವು: ಅದೇ ಯುದ್ಧದ ಕಾಲದ ಸೇವೆಗೆ ಕೊಟ್ಟ ಸಂಗ್ರಾಮ್ ಮೆಡಲ್, ಮತ್ತೆ 1972ರ ಸ್ವಾತಂತ್ರ್ಯದ 25ನೇ ವರ್ಷದ್ದು.

ನಾಲ್ಕು ದಿನ ಅಂದರು, ನಾಲ್ಕೇ ದಿನಕ್ಕೆ ಕೊಟ್ಟರು. 650 ರೂಪಾಯಿ. ತೇಗದ ಬಣ್ಣದ ಕಟ್ಟು, ಒಳಗೆ ಕಪ್ಪು ವೆಲ್ವೆಟ್, ಗಾಜು ಮೆಡಲ್‌ಗೆ ತಾಗದಷ್ಟು ಆಳ. ಮೂಲೆ ಜೋಡಣೆಯಲ್ಲಿ ಕೂದಲೆಳೆ ಸಂದು ಇಲ್ಲ. ಖುಷಿಯಾಗಿ ಮನೆಗೆ ತಂದೆ.

ದೊಡ್ಡಪ್ಪ ಕನ್ನಡಕ ಹಾಕಿಕೊಂಡು ನೋಡಿ, "ಪೂರ್ವಿ ಮೊದಲು ಬರಬೇಕಲ್ಲೋ" ಅಂದರು. ನಕ್ಷತ್ರ ನಡುವೆ ಇದ್ದರೆ ಚೆಂದ ಅಂತ ಅಂಗಡಿಯವರು ಅದನ್ನು ನಡುವೆ ಇಟ್ಟಿದ್ದರು. ಎದೆ ಮೇಲೆ ಹಾಕುವ ಕ್ರಮ ಬೇರೆ, ನೋಡುವವರ ಎಡಗಡೆಯಿಂದ ಪೂರ್ವಿ ಸ್ಟಾರ್, ಆಮೇಲೆ ಸಂಗ್ರಾಮ್, ಕೊನೆಗೆ 25ನೇ ವರ್ಷದ್ದು. ಇದು ನನ್ನ ತಪ್ಪೂ ಹೌದು, ಮೊದಲೇ ಹೇಳಬೇಕಿತ್ತು.

ಸಿಟ್ಟು ಬಂದಿದ್ದು ಗಮ್‌ಗೆ. ಈ ದುಂಡಗಿನ ಮೆಡಲ್‌ಗಳ ಅಂಚಿನಲ್ಲಿ ನಂಬರ್, ಹೆಸರು ಇರುತ್ತೆ, ಇರುವೆ ಸಾಲಿನಷ್ಟು ಸಣ್ಣ ಅಕ್ಷರ. ಸಂಗ್ರಾಮ್ ಮೆಡಲ್‌ನ ಅಂಚಿಗೆ ಗಮ್ ಮೆತ್ತಿ, ದೊಡ್ಡಪ್ಪನ ಹೆಸರಿನ ಅರ್ಧ ಮುಚ್ಚಿಹೋಗಿತ್ತು! ಬೇರೆಯವರ ಮೆಡಲ್ ಅಲ್ಲ ಅನ್ನೋಕೆ ಅದೊಂದೇ ಗುರುತು ಅಲ್ವಾ?

ವಾಪಸ್ ಒಯ್ದಾಗ ಜಗಳ ಆಗುತ್ತೆ ಅಂದುಕೊಂಡಿದ್ದೆ, ಆಗಲಿಲ್ಲ. ವಯಸ್ಸಾದ ಯಜಮಾನರು ಸುಮ್ನೆ ಕೂತು, ಮರದ ಕಡ್ಡಿಯಲ್ಲಿ ಅರ್ಧ ಗಂಟೆ ಗಮ್ ಕೆರೆದರು. ನಾನು ಪಕ್ಕದ ಗಾಡಿಯಲ್ಲಿ ಮಂಡಕ್ಕಿ ಮೆಣಸಿನಕಾಯಿ ತಿಂದು ಬರುವಷ್ಟರಲ್ಲಿ ಹೆಸರು ಮತ್ತೆ ಕಾಣುತ್ತಿತ್ತು. ಆಮೇಲೆ ರಿಬ್ಬನ್‌ಗೆ ಮಾತ್ರ ದಾರ ಹಾಕಿ ವೆಲ್ವೆಟ್‌ಗೆ ಹೊಲಿದರು, ಮೆಡಲ್ ಈಗ ತೂಗಾಡುತ್ತೆ, ತಿರುಗಿಸಿ ಓದಬಹುದು. ಜಾಸ್ತಿ ದುಡ್ಡು ಕೇಳಲಿಲ್ಲ.

ಐದಕ್ಕೆ ಮೂರೂವರೆ. ಮೆಡಲ್ ಒಯ್ಯುವವರು ಎರಡು ಮಾತು ಚೀಟಿಯಲ್ಲಿ ಬರೆದು ಕೊಡಿ: ಗಮ್ ಬೇಡ, ಪಾಲಿಶ್ ಬೇಡ. ಕ್ರಮದ ಫೋಟೋ ಮೊಬೈಲಲ್ಲಿ ತೋರಿಸಿ. ಭಾನುವಾರ ಅಂಗಡಿ ರಜೆ.